ಮೊಳಗದ ಗಂಟೆ, ಮೊಳಗಿದ ಗಂಟೆ: ಕಾಶಿವಾಝಾಕಿ-ಕಾರಿವಾ 6ನೇ ಘಟಕದ ಮರುಚಾಲನೆ

ಜಪಾನಿನ ಪರಮಾಣು ನಿಯಂತ್ರಣ ಪ್ರಾಧಿಕಾರ ಕಾಶಿವಾಝಾಕಿ-ಕಾರಿವಾ ಸ್ಥಾವರದ 6 ಮತ್ತು 7ನೇ ಘಟಕಗಳ ವಿನ್ಯಾಸಕ್ಕೆ ಒಪ್ಪಿಗೆ ಕೊಟ್ಟದ್ದು 2017ರ ಡಿಸೆಂಬರ್ 27ರಂದು. 6ನೇ ಘಟಕದ ರಿಯಾಕ್ಟರ್ ಚಾಲೂ ಆದದ್ದು 2026ರ ಜನವರಿ 21ರ ಸಂಜೆ. ನಡುವೆ ಎಂಟು ವರ್ಷ. ಗೋಡೆ, ಪಂಪು, ಜನರೇಟರುಗಳ ಕೆಲಸ ಈ ಅವಧಿಯಲ್ಲೂ ನಡೆದೇ ಇತ್ತು, ಆದರೆ ಕಾಲವನ್ನು ನುಂಗಿದ್ದು ಅವಲ್ಲ. ಒಂದು ಗುರುತಿನ ಚೀಟಿ, ಬೇಲಿಯ ಬಳಿ ಕೆಟ್ಟು ನಿಂತ ಕೆಲವು ಸೆನ್ಸರುಗಳು, ಆಮೇಲೆ ಒಂದು ಪ್ರಾಂತ್ಯದ ಜನರ ಅನುಮಾನ. ಎಂಜಿನಿಯರಿಂಗ್ ಪರೀಕ್ಷೆ ಪಾಸಾದ ಸ್ಥಾವರವೊಂದು ಯಾಕೆ ನಿಂತಲ್ಲೇ ನಿಂತಿತು, ಮತ್ತೆ ಹೇಗೆ ಹೊರಟಿತು ಎಂಬುದನ್ನು ಇಲ್ಲಿ ಬಿಡಿಸಿ ನೋಡಿದ್ದೇವೆ. ಒಳಗೊಂಡ ವ್ಯಕ್ತಿಗಳ ಹೆಸರು ಬೇಡ, ಹುದ್ದೆಯಷ್ಟೇ ಸಾಕು.

ಹಿನ್ನೆಲೆ

ಸ್ಥಾವರ ಇರುವುದು ಜಪಾನ್ ಸಮುದ್ರದ ದಂಡೆಯಲ್ಲಿ, ನೀಗಾತಾ ಪ್ರಾಂತ್ಯದ ಕಾಶಿವಾಝಾಕಿ ನಗರ ಮತ್ತು ಕಾರಿವಾ ಹಳ್ಳಿಯ ಗಡಿಯ ಮೇಲೆ. ಏಳು ಘಟಕಗಳು, ಒಟ್ಟು 8,212 ಮೆಗಾವಾಟ್. ಸಾಮರ್ಥ್ಯದಲ್ಲಿ ಜಗತ್ತಿನ ಅತಿ ದೊಡ್ಡ ಪರಮಾಣು ವಿದ್ಯುತ್ ಕೇಂದ್ರ. ಮೊದಲ ಐದು ಘಟಕಗಳು ತಲಾ 1,100 ಮೆಗಾವಾಟಿನ ಕುದಿನೀರಿನ ರಿಯಾಕ್ಟರುಗಳು. 6 ಮತ್ತು 7 ಸುಧಾರಿತ ಮಾದರಿಯವು, ತಲಾ 1,356 ಮೆಗಾವಾಟ್. 1996ರ ನವೆಂಬರ್‌ನಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸಿದ 6ನೇ ಘಟಕವೇ ಆ ಮಾದರಿಯಲ್ಲಿ ಜಗತ್ತಿಗೆ ಮೊದಲನೆಯದು.

ನಡೆಸುವವರು ಟೋಕಿಯೊ ಎಲೆಕ್ಟ್ರಿಕ್ ಪವರ್, ಜನರ ಬಾಯಲ್ಲಿ ಟೆಪ್ಕೊ. 2011ರಲ್ಲಿ ದುರಂತಕ್ಕೀಡಾದ ಫುಕುಶಿಮಾ ದೈಇಚಿ ಪರಮಾಣು ಸ್ಥಾವರದ ಮಾಲೀಕ ಇದೇ ಕಂಪನಿ. ಇನ್ನೊಂದು ವಿಷಯ ಹೊರಗಿನವರ ಕಣ್ಣಿಗೆ ಬೀಳುವುದು ಕಡಿಮೆ: ನೀಗಾತಾ ಟೆಪ್ಕೊ ವಿದ್ಯುತ್ ಪೂರೈಸುವ ಪ್ರದೇಶವೇ ಅಲ್ಲ. ಅಲ್ಲಿನ ಮನೆಗಳಿಗೆ ಕರೆಂಟು ಕೊಡುವುದು ತೊಹೊಕು ಎಲೆಕ್ಟ್ರಿಕ್. ಕಾಶಿವಾಝಾಕಿಯಲ್ಲಿ ಹುಟ್ಟಿದ ವಿದ್ಯುತ್ತು ಬೆಟ್ಟ ದಾಟಿ ಟೋಕಿಯೊ ಸುತ್ತಿನ ಪ್ರದೇಶಕ್ಕೆ ಹೋಗುತ್ತದೆ. ಅಪಾಯ ಇಲ್ಲಿ, ದೀಪ ಅಲ್ಲಿ ಎಂಬ ಮಾತು ಈ ಪ್ರಕರಣದುದ್ದಕ್ಕೂ ತಳದಲ್ಲಿ ಹರಿಯುತ್ತಲೇ ಇತ್ತು.

ಸ್ಥಳೀಯರ ನೆನಪೂ ಉದ್ದ. 2002ರಲ್ಲಿ ಟೆಪ್ಕೊ ತಪಾಸಣೆ ದಾಖಲೆಗಳನ್ನು ತಿರುಚಿದ್ದು ಬಯಲಾಗಿ ಕಂಪನಿಯ ಅಧ್ಯಕ್ಷರು ಕೆಳಗಿಳಿದಿದ್ದರು. ಮರುವರ್ಷ ಅದರ 17 ರಿಯಾಕ್ಟರುಗಳೂ ಪರಿಶೀಲನೆಗಾಗಿ ನಿಂತಿದ್ದವು. 2007ರ ಜುಲೈ 16ರಂದು 6.8 ಪ್ರಮಾಣದ ಭೂಕಂಪ. ನೆಲದ ಅಲುಗಾಟ ವಿನ್ಯಾಸದ ಲೆಕ್ಕವನ್ನು ಮೀರಿತು. ಓಡುತ್ತಿದ್ದ ರಿಯಾಕ್ಟರುಗಳು ತಾವಾಗಿ ನಿಂತವು, ಅಷ್ಟರ ಮಟ್ಟಿಗೆ ಯಂತ್ರ ತನ್ನ ಕೆಲಸ ಮಾಡಿತು. ಆದರೆ 3ನೇ ಘಟಕದ ಟ್ರಾನ್ಸ್‌ಫಾರ್ಮರ್‌ಗೆ ಹತ್ತಿದ ಬೆಂಕಿ ಆರಲು ಸುಮಾರು ಎರಡು ಗಂಟೆ ಹಿಡಿಯಿತು. ನೆಲದಡಿಯ ಅಗ್ನಿಶಾಮಕ ಕೊಳವೆಗಳೇ ಒಡೆದಿದ್ದವು. 6ನೇ ಘಟಕದಲ್ಲಿ ಬಳಸಿದ ಇಂಧನದ ಕೊಳ ತುಳುಕಿತು. ಆ ನೀರು ಕೇಬಲ್ ಹಾದುಹೋಗುವ ಕಂಡಿಗಳಿಂದ ಕೆಳಗಿಳಿದು, ಅಲ್ಪ ವಿಕಿರಣದೊಂದಿಗೆ ಸಮುದ್ರ ಸೇರಿತು. ಟಿವಿಯಲ್ಲಿ ಕಪ್ಪು ಹೊಗೆಯ ಕಂಬ ಕಂಡ ನೀಗಾತಾದ ಜನ ಅದನ್ನು ಮರೆತಿಲ್ಲ.

2011ರ ಮಾರ್ಚ್ ಬಂತು. ಫುಕುಶಿಮಾ ಆಯಿತು. 6ನೇ ಘಟಕ 2012ರ ಮಾರ್ಚ್ 26ರಂದು ನಿಗದಿತ ತಪಾಸಣೆಗೆಂದು ನಿಂತಿತು, ಮತ್ತೆ ಏಳಲಿಲ್ಲ.

ಕಾಗದದ ಮೇಲಿನ ಸಿದ್ಧತೆ

ಫುಕುಶಿಮಾದಲ್ಲಿ ಕೈಕೊಟ್ಟದ್ದು ಮೂರು: ಹೊರಗಿನ ವಿದ್ಯುತ್ತು, ತುರ್ತು ಡೀಸೆಲ್ ಜನರೇಟರು, ಬ್ಯಾಟರಿ. ಮೂರೂ ಹೋದ ಮೇಲೆ ಉಳಿಕೆ ಶಾಖವನ್ನು, ಅಂದರೆ ರಿಯಾಕ್ಟರ್ ನಿಂತ ಮೇಲೂ ಇಂಧನದಲ್ಲಿ ಹುಟ್ಟುತ್ತಲೇ ಇರುವ ಬಿಸಿಯನ್ನು, ಹೊರಹಾಕುವ ದಾರಿ ಇಲ್ಲ. ಹಾಗಾಗಿ ಹೊಸ ನಿಯಮಗಳು ಕೇಳಿದ್ದು ಪ್ರತಿಯೊಂದಕ್ಕೂ ಬೇರೆ ಜಾಗದಲ್ಲಿ, ಬೇರೆ ಬಗೆಯಲ್ಲಿ ಇನ್ನೊಂದು ದಾರಿ. ಟೆಪ್ಕೊ ಸಮುದ್ರಮಟ್ಟಕ್ಕಿಂತ 15 ಮೀಟರ್ ಎತ್ತರಕ್ಕೆ ತಡೆಗೋಡೆ ಕಟ್ಟಿತು. ಎತ್ತರದ ನೆಲದಲ್ಲಿ ಸುಮಾರು 20,000 ಟನ್ ನೀರಿನ ಕೆರೆ ತೋಡಿತು. ಗಾಲಿಗಳ ಮೇಲಿನ ಗ್ಯಾಸ್ ಟರ್ಬೈನ್ ಜನರೇಟರು, ವಿದ್ಯುತ್ ಪೂರೈಸುವ ಲಾರಿ, ನೀರು ಹೊಡೆಯುವ ವಾಹನಗಳು ಬಂದವು. ನೀರು ನುಗ್ಗದ ಬಾಗಿಲುಗಳು, ಒತ್ತಡ ಏರಿದರೆ ಆವಿಯನ್ನು ಸೋಸಿ ಬಿಡುವ ಫಿಲ್ಟರ್ ವೆಂಟ್ ಕೂಡ.

ಪ್ರಾಧಿಕಾರ ಇಲ್ಲಿ ಬೇರೆ ಕಂಪನಿಗಳಿಗೆ ಕೇಳದ ಒಂದು ಪ್ರಶ್ನೆಯನ್ನು ಟೆಪ್ಕೊಗೆ ಕೇಳಿತು: ಸ್ಥಾವರ ನಡೆಸಲು ನೀವು ಯೋಗ್ಯರೇ? ಫುಕುಶಿಮಾದ ಕಂಪನಿ ಎಂಬ ಕಾರಣಕ್ಕೇ ಈ ಪ್ರಶ್ನೆ. ಉತ್ತರವಾಗಿ ಟೆಪ್ಕೊ ಕೊಟ್ಟ ಏಳು ವಚನಗಳು ಕಾರ್ಯಾಚರಣೆಯ ಸುರಕ್ಷತಾ ನಿಯಮಾವಳಿಯೊಳಗೇ ಸೇರಿದವು, ಅಂದರೆ ಮುರಿದರೆ ಕಾನೂನಿನ ತೊಡಕು. ಒಳ್ಳೆಯ ಉಪಾಯವೇ. ಆದರೆ ಯೋಗ್ಯತೆಯನ್ನು ವಾಕ್ಯಗಳಲ್ಲಿ ಅಳೆದದ್ದು ಮುಂದೆ ದುಬಾರಿಯಾಯಿತು.

ಭಾನುವಾರದ ಚೀಟಿ

2020ರ ಸೆಪ್ಟೆಂಬರ್ 20, ಭಾನುವಾರ. ಕೇಂದ್ರ ನಿಯಂತ್ರಣ ಕೊಠಡಿಯ ಒಬ್ಬ ನೌಕರನಿಗೆ ತನ್ನ ಗುರುತಿನ ಚೀಟಿ ಸಿಗಲಿಲ್ಲ. ರಜೆಯಲ್ಲಿದ್ದ ಸಹೋದ್ಯೋಗಿಯ ಲಾಕರಿಗೆ ಬೀಗ ಹಾಕಿರಲಿಲ್ಲ. ಅಲ್ಲಿದ್ದ ಚೀಟಿ ತೆಗೆದುಕೊಂಡು ಹೊರಟ. ಮೊದಲ ತಪಾಸಣೆಯಲ್ಲಿ ಕಾವಲುಗಾರನಿಗೆ ಫೋಟೊ ನೋಡಿ ಅನುಮಾನ ಬಂತು, ಆದರೂ ಬಿಟ್ಟ. ಮುಂದಿನ ಬಾಗಿಲಲ್ಲಿ ವ್ಯಕ್ತಿಯನ್ನು ಗುರುತಿಸುವ ಯಂತ್ರ ಮತ್ತೆ ಮತ್ತೆ ತಪ್ಪು ತೋರಿಸಿತು. ಅಲ್ಲಿದ್ದ ಭದ್ರತಾ ಸಿಬ್ಬಂದಿ ಮಾಡಿದ್ದೇನು? ಯಂತ್ರ ಕೆಟ್ಟಿರಬೇಕೆಂದುಕೊಂಡು, ಎದುರು ನಿಂತವನ ಗುರುತನ್ನೇ ಆ ಚೀಟಿಗೆ ಹೊಸದಾಗಿ ನೋಂದಾಯಿಸಿಕೊಟ್ಟ. ಬಾಗಿಲು ತೆರೆಯಿತು. ನೌಕರ ನಿಯಂತ್ರಣ ಕೊಠಡಿ ತಲುಪಿದ. ಮರುದಿನ ಚೀಟಿಯ ನಿಜವಾದ ಒಡೆಯ ಕೆಲಸಕ್ಕೆ ಬಂದಾಗ ಯಂತ್ರ ಅವನನ್ನು ತಡೆಯಿತು, ಆಗ ವಿಷಯ ಹೊರಬಿತ್ತು.

ಆ ನೌಕರ ಕಳ್ಳನಲ್ಲ, ಕೆಲಸಕ್ಕೆ ತಡವಾಗಬಾರದೆಂದು ಓಡಿದವನು. ಸಮಸ್ಯೆ ಅವನಲ್ಲಿ ಇಲ್ಲ. ಒಂದೇ ದಾರಿಯಲ್ಲಿ ಎರಡು ಎಚ್ಚರಿಕೆ ಮೊಳಗಿದ್ದವು, ಒಂದು ಮನುಷ್ಯನ ಮನಸ್ಸಿನಲ್ಲಿ, ಒಂದು ಯಂತ್ರದಲ್ಲಿ. ಎರಡನ್ನೂ ಸುಮ್ಮನಾಗಿಸಲಾಯಿತು. ಕಾವಲುಗಾರ ಕಂಪನಿಯ ನೌಕರನನ್ನು ಪ್ರಶ್ನಿಸಲು ಹಿಂಜರಿದ. ಗುತ್ತಿಗೆಯವನು ಮಾಲೀಕನ ಕಡೆಯವನನ್ನು ಹೇಗೆ ತಡೆದಾನು? ಎರಡನೆಯದು ಇನ್ನೂ ಕೆಟ್ಟದ್ದು: ಯಂತ್ರ ಸರಿಯಾಗೇ ಹೇಳುತ್ತಿತ್ತು, ಅದರ ಬಾಯಿ ಮುಚ್ಚಿಸುವ ಅಧಿಕಾರ ಬಾಗಿಲಲ್ಲೇ ನಿಂತವನ ಕೈಯಲ್ಲಿತ್ತು. ತಪಾಸಣೆ ಮಾಡುವವನಿಗೇ ತಪಾಸಣೆಯ ಮಾಹಿತಿ ಬದಲಿಸುವ ಹಕ್ಕಿದ್ದರೆ ಬೀಗದ ಪಕ್ಕದಲ್ಲೇ ಕೀಲಿ ನೇತುಹಾಕಿದಂತೆ.

ಒಳಗಿನವರಿಂದ ಅಪಾಯ ಎಂಬ ಮಾತು ಕನ್ನಡಿಗರಿಗೆ ಹೊಸದೇನಲ್ಲ. 2009ರ ನವೆಂಬರ್‌ನಲ್ಲಿ ಕೈಗಾ ಸ್ಥಾವರದ ಕುಡಿಯುವ ನೀರಿನ ಕೂಲರ್‌ನಲ್ಲಿ ಟ್ರೀಷಿಯಂ (ವಿಕಿರಣಶೀಲ ಜಲಜನಕ) ಕಂಡುಬಂದು ಹಲವು ನೌಕರರ ಮೂತ್ರಪರೀಕ್ಷೆಯಲ್ಲಿ ಮಟ್ಟ ಏರಿತ್ತು. ಒಳಗಿನ ಯಾರದೋ ಕೈವಾಡವೆಂದೇ ಆಗ ಪರಮಾಣು ಇಂಧನ ಇಲಾಖೆಯವರು ಹೇಳಿದ್ದು. ಬೇಲಿ ಹೊರಗಿನವರಿಗೆ, ಚೀಟಿ, ಬೀಗ, ಇಬ್ಬರ ಸಹಿ ಒಳಗಿನವರಿಗೆ.

ಘಟನೆಯ ವರದಿ ಪ್ರಾಧಿಕಾರದ ಕಚೇರಿಗೆ ಮರುದಿನವೇ ಹೋಯಿತು. ಆದರೆ ಆಯುಕ್ತರ ಕಿವಿಗೆ ಬೀಳಲಿಲ್ಲ. ಅದೇ ವಾರ ಅವರು ಟೆಪ್ಕೊದ ಏಳು ವಚನಗಳಿದ್ದ ಸುರಕ್ಷತಾ ನಿಯಮಾವಳಿಗೆ ಸಮ್ಮತಿ ಸೂಚಿಸಿದರು! ಜನರಿಗೆ ತಿಳಿದದ್ದು 2021ರ ಜನವರಿಯಲ್ಲಿ, ಪತ್ರಿಕೆಯ ವರದಿಯಿಂದ. ಎಚ್ಚರಿಕೆ ಸಾಗದೆ ನಿಂತದ್ದು ಸ್ಥಾವರದಲ್ಲಷ್ಟೇ ಅಲ್ಲ ಅಂತಾಯಿತು.

ಅದೇ ಜನವರಿಯಲ್ಲಿ ಟೆಪ್ಕೊ 7ನೇ ಘಟಕದ ಸುರಕ್ಷತಾ ಕಾಮಗಾರಿ ಮುಗಿಯಿತೆಂದು ಪ್ರಕಟಿಸಿ, ಎರಡು ವಾರದಲ್ಲೇ ಇಲ್ಲ, ಬೆಂಕಿ ತಡೆಯುವ ಡ್ಯಾಂಪರ್ ಕೆಲಸ ಬಾಕಿ ಇದೆ ಎಂದು ಒಪ್ಪಿಕೊಂಡಿತು. ಆಮೇಲೆ ಹುಡುಕಿದಷ್ಟೂ ಬಾಕಿ ಕೆಲಸಗಳು ಸಿಗುತ್ತಾ ಹೋದವು.

ಬೇಲಿಯ ಸೆನ್ಸರುಗಳು

ನಿಜವಾದ ಪೆಟ್ಟು ಬಿದ್ದದ್ದು ಇಲ್ಲಿ. ಹೊರಗಿನಿಂದ ನುಗ್ಗುವವರನ್ನು ಪತ್ತೆ ಮಾಡುವ ಉಪಕರಣಗಳು 2020ರ ಮಾರ್ಚ್‌ನಿಂದ ಹಲವು ಕಡೆ ಕೆಟ್ಟಿದ್ದವು. ಉಪಕರಣ ಕೆಡುವುದು ಅಪರಾಧವಲ್ಲ. ಜಪಾನ್ ಸಮುದ್ರದ ದಂಡೆಯಲ್ಲಿ ಚಳಿಗಾಲವೆಂದರೆ ಉಪ್ಪುಗಾಳಿ, ಸಿಡಿಲು, ಅಡ್ಡ ಬೀಸುವ ಹಿಮ. ಎಂಥ ಸೆನ್ಸರೂ ಸೋಲುತ್ತದೆ. ಅದಕ್ಕೇ ನಿಯಮ ಇರುವುದು: ಕೆಟ್ಟರೆ ರಿಪೇರಿ ಆಗುವವರೆಗೆ ಅಲ್ಲಿ ಬೇರೆ ಏರ್ಪಾಡು ಮಾಡು, ಮನುಷ್ಯನನ್ನು ನಿಲ್ಲಿಸು, ಸುತ್ತು ಹಾಕಿಸು. ಇಲ್ಲಿ ಆ ಬದಲಿ ಏರ್ಪಾಡು ಸಾಲದೆ 30 ದಿನಕ್ಕೂ ಹೆಚ್ಚು ಕಾಲ ಕಳೆದ ಜಾಗಗಳೇ ಹತ್ತು. ಬದಲಿ ಏರ್ಪಾಡು ಸಾಲದೆಂದು ಭದ್ರತಾ ಸಿಬ್ಬಂದಿಗೂ ಗೊತ್ತಿತ್ತು.

2021ರ ಮಾರ್ಚ್ 16ರಂದು ಪ್ರಾಧಿಕಾರ ಇದನ್ನು ನಾಲ್ಕು ಮಟ್ಟಗಳಲ್ಲಿ ಅತಿ ಗಂಭೀರವಾದ ಕೆಂಪು ಪಟ್ಟಿಗೆ ಹಾಕಿತು. ಹೊಸ ತಪಾಸಣಾ ಪದ್ಧತಿ ಬಂದ ಮೇಲೆ ಕೆಂಪು ಬಿದ್ದದ್ದು ಅದೇ ಮೊದಲು. ಏಪ್ರಿಲ್ 14ರಂದು ಆದೇಶ ಬಂತು: ಇಂಧನವನ್ನು ಕದಲಿಸುವಂತಿಲ್ಲ. ಇಂಧನ ತುಂಬದೆ ರಿಯಾಕ್ಟರ್ ಇಲ್ಲ. ಒಂದು ಸಾಲಿನ ಆದೇಶ ಇಡೀ ಸ್ಥಾವರವನ್ನು ಕಟ್ಟಿಹಾಕಿತು.

ಇದು ಪ್ರಕರಣದ ಮೊದಲ ತಿರುವು. ಪ್ರಾಧಿಕಾರ ವರದಿ ಕೇಳಿ ಸುಮ್ಮನಾಗಬಹುದಿತ್ತು. ಹಾಗೆ ಮಾಡದೆ, ಗಡುವಿಲ್ಲದ ನಿಷೇಧ ಹಾಕಿ, ಬದಲಾವಣೆ ಕಣ್ಣಿಗೆ ಕಾಣುವವರೆಗೆ ತೆಗೆಯುವುದಿಲ್ಲ ಎಂದಿತು. ಗಡುವಿದ್ದರೆ ಕಂಪನಿ ದಿನ ಎಣಿಸುತ್ತದೆ. ಗಡುವಿಲ್ಲದಿದ್ದರೆ ನಡತೆ ತೋರಿಸಬೇಕಾಗುತ್ತದೆ.

ಏನು ಮಾಡಿದರು

ಸ್ವತಂತ್ರ ಪರಿಶೀಲನಾ ಸಮಿತಿಯ ವರದಿ 2021ರ ಸೆಪ್ಟೆಂಬರ್‌ನಲ್ಲಿ ಬಂತು. ಅಪಾಯದ ಅರಿವು ಕಡಿಮೆ, ಸ್ಥಳದ ನಿಜಸ್ಥಿತಿ ಮೇಲಿನವರಿಗೆ ತಿಳಿಯದು, ತಪ್ಪನ್ನು ತಾವೇ ತಿದ್ದಿಕೊಳ್ಳುವ ಶಕ್ತಿ ಇಲ್ಲ: ಸಾರ ಇಷ್ಟು. ಕಂಪನಿ ಪರಮಾಣು ವಿಭಾಗದ ಕೆಲಸವನ್ನು ಟೋಕಿಯೊದಿಂದ ನೀಗಾತಾಕ್ಕೆ ಸಾಗಿಸತೊಡಗಿತು. ಬಾಗಿಲುಗಳಲ್ಲಿ ಗುರುತು ಹಿಡಿಯುವ ಯಂತ್ರಗಳು ಬದಲಾದವು, ಹೆಚ್ಚಾದವು. ಕಾವಲುಗಾರ ಯಾರನ್ನು ತಡೆದರೂ ಸರಿ, ಕಂಪನಿ ಅವನ ಬೆನ್ನಿಗೆ ನಿಲ್ಲುತ್ತದೆ ಎಂಬುದನ್ನು ಆಡಳಿತವೇ ಹೇಳಬೇಕಾಯಿತು.

ಪ್ರಾಧಿಕಾರದ ಹೆಚ್ಚುವರಿ ತಪಾಸಣೆ 4,000 ಗಂಟೆಗೂ ಮೀರಿ ನಡೆಯಿತು. ಒಟ್ಟು 27 ಅಂಶಗಳನ್ನು ಹಿಡಿದು ನೋಡಿದರು. 2023ರ ಮೇ ತಿಂಗಳಲ್ಲಿ 23 ಸರಿಯಾಗಿದ್ದವು, ನಾಲ್ಕು ಬಾಕಿ. ಬಾಕಿಯಲ್ಲಿ ಒಂದು, ನಮ್ಮ ದೃಷ್ಟಿಯಲ್ಲಿ ಅತ್ಯಂತ ಬೋಧಕವಾದದ್ದು, ಚಳಿಗಾಲದ ಬಿರುಗಾಳಿಯಲ್ಲಿ ಕಾವಲು. ಗಾಳಿಗೆ, ಹಿಮಕ್ಕೆ ಸೆನ್ಸರು ಸುಳ್ಳು ಎಚ್ಚರಿಕೆ ಕೊಡುತ್ತಲೇ ಇದ್ದರೆ ಪರದೆಯ ಮುಂದೆ ಕೂತವನು ಏನು ಮಾಡುತ್ತಾನೆ? ಹತ್ತು ಸಲ ನೋಡುತ್ತಾನೆ, ಹನ್ನೊಂದನೆಯ ಸಲ ನೋಡುವುದಿಲ್ಲ. ತೋಳ ಬಂತು ತೋಳ ಎಂದ ಹುಡುಗನ ಕಥೆಯೇ. ಪರಿಹಾರ ಕಾವಲುಗಾರನಿಗೆ ಬುದ್ಧಿ ಹೇಳುವುದರಲ್ಲಿ ಇಲ್ಲ. ಸುಳ್ಳು ಎಚ್ಚರಿಕೆಯ ಸಂಖ್ಯೆ ಇಳಿಸಬೇಕು, ಜೊತೆಗೆ ಬಿರುಗಾಳಿಯ ದಿನಕ್ಕೆ ಹೆಚ್ಚು ಕಣ್ಣು ಒದಗಿಸಬೇಕು. ಅದನ್ನು ಪರೀಕ್ಷಿಸಲು ಮತ್ತೊಂದು ಬಿರುಗಾಳಿಯ ಕಾಲವೇ ಬರಬೇಕಿತ್ತು.

ನಾಲ್ಕು ಅಂಶ ಬಾಕಿ ಉಳಿದ ಅದೇ ತಿಂಗಳು ಇನ್ನೊಂದು ಸುದ್ದಿ. ಮನೆಯಿಂದ ಕೆಲಸ ಮಾಡುತ್ತಿದ್ದ ಸ್ಥಾವರದ ನೌಕರರೊಬ್ಬರು ಕಾಗದಪತ್ರಗಳನ್ನು ಕಾರಿನ ಮಾಡಿನ ಮೇಲಿಟ್ಟು, ಮರೆತು, ಹಾಗೇ ಕಾರು ಓಡಿಸಿದ್ದರು. ಕಾಗದಗಳು ದಾರಿಯಲ್ಲಿ ಚೆಲ್ಲಿಹೋದವು. ಕೋಟ್ಯಂತರ ಯೆನ್ ಸುರಿದ ಭದ್ರತೆಗೆ ಕಾರಿನ ಮಾಡು ಉತ್ತರ ಕೊಟ್ಟಿತು. ನಗು ಬರುತ್ತದೆ, ಆದರೆ ನೀಗಾತಾದಲ್ಲಿ ಯಾರೂ ನಗಲಿಲ್ಲ.

ನಿಷೇಧ ತೆಗೆದದ್ದು 2023ರ ಡಿಸೆಂಬರ್ 27ರಂದು, ವಿನ್ಯಾಸಕ್ಕೆ ಒಪ್ಪಿಗೆ ಸಿಕ್ಕ ದಿನಕ್ಕೆ ಸರಿಯಾಗಿ ಆರು ವರ್ಷಕ್ಕೆ.

ಐದು ದಿನದ ನಂತರದ ನೆಲ

2024ರ ಜನವರಿ 1ರಂದು ನೋಟೊ ಪರ್ಯಾಯ ದ್ವೀಪದಲ್ಲಿ 7.6 ಪ್ರಮಾಣದ ಭೂಕಂಪ. ಅಲ್ಲಿನ ಶಿಕಾ ಪರಮಾಣು ಸ್ಥಾವರ ನಿಂತೇ ಇತ್ತು, ದೊಡ್ಡ ಅಪಾಯವಾಗಲಿಲ್ಲ. ಆದರೆ ರಸ್ತೆಗಳು ಕಡಿದುಹೋದವು, ಹಳ್ಳಿಗಳು ದ್ವೀಪಗಳಾದವು, ಮನೆಗಳು ಉರುಳಿದವು. ಜಪಾನಿನ ತುರ್ತು ಯೋಜನೆಯ ತಳಹದಿ ಹೀಗಿದೆ: 5 ಕಿಲೊಮೀಟರ್ ಒಳಗಿನವರು ಮೊದಲೇ ಹೊರಡಬೇಕು, 5ರಿಂದ 30 ಕಿಲೊಮೀಟರ್ ಒಳಗಿನವರು ಮೊದಲಿಗೆ ಮನೆಯೊಳಗೇ ಇರಬೇಕು. ಮನೆಯೇ ಬಿದ್ದರೆ ಒಳಗಿರುವುದು ಎಲ್ಲಿ? ರಸ್ತೆಯೇ ಇಲ್ಲದಿದ್ದರೆ ಹೊರಡುವುದು ಹೇಗೆ?

ಕಾಶಿವಾಝಾಕಿಯ 30 ಕಿಲೊಮೀಟರ್ ವೃತ್ತದೊಳಗೆ 4 ಲಕ್ಷಕ್ಕೂ ಹೆಚ್ಚು ಜನರಿದ್ದಾರೆ. ಭೂಕಂಪವೇ ಬೇಕಿಲ್ಲ, ಹಿಮ ಸಾಕು: 2022ರ ಡಿಸೆಂಬರ್‌ನಲ್ಲಿ ಇದೇ ಊರಿನ ರಾಷ್ಟ್ರೀಯ ಹೆದ್ದಾರಿ 8ರಲ್ಲಿ ಹಿಮ ಬಿದ್ದು ವಾಹನಗಳ ಸಾಲು ಸುಮಾರು 22 ಕಿಲೊಮೀಟರ್ ಬೆಳೆದಿತ್ತು, ಬಿಡಿಸಲು 38 ಗಂಟೆ ಬೇಕಾಗಿತ್ತು. ಹಾಗಾಗಿ ಪ್ರಾಂತ್ಯದ ರಾಜ್ಯಪಾಲರ ಬೇಡಿಕೆ ರಿಯಾಕ್ಟರಿನಿಂದ ರಸ್ತೆಗೆ ಹೊರಳಿತು. (ಜಪಾನಿನಲ್ಲಿ ಈ ಹುದ್ದೆ ನಮ್ಮ ರಾಜ್ಯಪಾಲರಂತೆ ನೇಮಕದ್ದಲ್ಲ, ಜನ ನೇರ ಆರಿಸಿದ ಮುಖ್ಯಸ್ಥ.) ಸ್ಥಾವರದಿಂದ ಆರು ದಿಕ್ಕಿಗೆ ಹೊರಡುವ ತೆರವು ರಸ್ತೆಗಳು, ಹಿಮ ತೆಗೆಯುವ ವ್ಯವಸ್ಥೆ, ಇವುಗಳ ಖರ್ಚನ್ನು ಕೇಂದ್ರ ಸರ್ಕಾರ ಹೊರಬೇಕೆಂದು ಪಟ್ಟು ಹಿಡಿದರು, ಕೇಂದ್ರ ಒಪ್ಪಿತು.

ಸ್ಥಳೀಯರ ಒಪ್ಪಿಗೆ ಎಂಬುದು ಜಪಾನಿನ ಪರಮಾಣು ಕಾನೂನಿನಲ್ಲಿ ಎಲ್ಲೂ ಬರೆದಿಲ್ಲ. ಆದರೂ ಯಾವ ಕಂಪನಿಯೂ ಅದಿಲ್ಲದೆ ರಿಯಾಕ್ಟರ್ ಚಾಲೂ ಮಾಡುವ ಧೈರ್ಯ ಮಾಡುವುದಿಲ್ಲ. ನಗರ, ಹಳ್ಳಿ, ಪ್ರಾಂತ್ಯ ಮೂರೂ ಹೂಂ ಅನ್ನಬೇಕು. ಕಾಶಿವಾಝಾಕಿ ನಗರ ಮತ್ತು ಕಾರಿವಾ ಹಳ್ಳಿಗೆ ಸ್ಥಾವರವೆಂದರೆ ಕೆಲಸ, ತೆರಿಗೆ, ಹೋಟೆಲು, ಅಂಗಡಿ. ದೂರದ ಊರುಗಳಿಗೆ ಅದರಲ್ಲಿ ಪಾಲಿಲ್ಲ, ಗಾಳಿ ಬೀಸಿದರೆ ಮಾತ್ರ ಪಾಲು. ಒಪ್ಪಿಗೆಯ ಲೆಕ್ಕ ಜಟಿಲವಾಗುವುದು ಇಲ್ಲೇ.

ಜನಮತಗಣನೆ ನಡೆಸಿ ಎಂದು ಸುಮಾರು 1.43 ಲಕ್ಷ ಸಹಿಗಳೊಂದಿಗೆ ಮನವಿ ಬಂತು. ಪ್ರಾಂತ್ಯದ ವಿಧಾನಸಭೆ 2025ರ ಏಪ್ರಿಲ್‌ನಲ್ಲಿ ಅದನ್ನು ತಳ್ಳಿಹಾಕಿತು. ಬದಲಿಗೆ ಸಭೆಗಳು, ಪ್ರಾಂತ್ಯದ ಸಮೀಕ್ಷೆ. ಸಮೀಕ್ಷೆಯಲ್ಲಿ ಶೇ 60ರಷ್ಟು ಜನ ಮರುಚಾಲನೆಗೆ ಬೇಕಾದ ಸ್ಥಿತಿ ಇನ್ನೂ ಕೂಡಿಬಂದಿಲ್ಲ ಎಂದರು. ಟೆಪ್ಕೊ ನಡೆಸುವುದೇ ಚಿಂತೆ ಎಂದವರು ಶೇ 70ರ ಹತ್ತಿರ. ಅಕ್ಟೋಬರ್‌ನಲ್ಲಿ ಕಂಪನಿಯ ಅಧ್ಯಕ್ಷರು ವಿಧಾನಸಭೆಗೆ ಬಂದು, ಪ್ರಾಂತ್ಯಕ್ಕೆ 10 ವರ್ಷದಲ್ಲಿ ಒಟ್ಟು 10,000 ಕೋಟಿ ಯೆನ್ ಕೊಡುವುದಾಗಿಯೂ 1 ಮತ್ತು 2ನೇ ಘಟಕಗಳನ್ನು ಮುಚ್ಚುವ ವಿಚಾರ ಮಾಡುವುದಾಗಿಯೂ ಹೇಳಿದರು. ನವೆಂಬರ್ 21ರಂದು ರಾಜ್ಯಪಾಲರು ಒಪ್ಪಿಗೆಯ ನಿಲುವು ಪ್ರಕಟಿಸಿದರು. ಆದರೆ ಹೊಣೆಯನ್ನು ಒಬ್ಬರೇ ಹೊರಲಿಲ್ಲ: ತಾವು ಹುದ್ದೆಯಲ್ಲಿ ಮುಂದುವರಿಯಬೇಕೇ ಎಂಬುದನ್ನೂ ವಿಧಾನಸಭೆಯ ಮುಂದಿಟ್ಟರು. ಡಿಸೆಂಬರ್ 22ರಂದು ಸಭೆ ಅವರ ಪರ ಮತ ಹಾಕಿತು. ಜನರನ್ನು ನೇರ ಕೇಳದೆ ಜನಪ್ರತಿನಿಧಿಗಳನ್ನು ಕೇಳಿದ ಈ ದಾರಿ ಮರುಚಾಲನೆಗೆ ಸಾಕಾಯಿತು. ಶೇ 60ರ ಅನುಮಾನ ಅದರಿಂದ ಕರಗಲಿಲ್ಲ.

ಯಾಕೆ 6, ಯಾಕೆ 7 ಅಲ್ಲ

ಎಲ್ಲರೂ 7ನೇ ಘಟಕ ಮೊದಲು ಹೊರಡುತ್ತದೆ ಎಂದುಕೊಂಡಿದ್ದರು. 2024ರ ಏಪ್ರಿಲ್‌ನಲ್ಲಿ ಅದಕ್ಕೆ 872 ಇಂಧನ ಕಟ್ಟುಗಳನ್ನು ತುಂಬಿಯೂ ಆಗಿತ್ತು. ಆದರೆ ಭಯೋತ್ಪಾದಕ ದಾಳಿಯಾದರೂ ರಿಯಾಕ್ಟರನ್ನು ದೂರದಿಂದ ತಣಿಸಬಲ್ಲ ಪ್ರತ್ಯೇಕ ಕಟ್ಟಡವೊಂದು ನಿಯಮದ ಪ್ರಕಾರ ಬೇಕು. 7ಕ್ಕೆ ಅದರ ಗಡುವು 2025ರ ಅಕ್ಟೋಬರ್. ಕಟ್ಟಡ ಮುಗಿಯುವುದು 2029ಕ್ಕೆ. ಚಾಲೂ ಮಾಡಿದರೂ ಕೂಡಲೇ ನಿಲ್ಲಿಸಬೇಕಿತ್ತು. 6ರ ಗಡುವು 2029ರ ಸೆಪ್ಟೆಂಬರ್. ಹಾಗಾಗಿ 2025ರ ಜೂನ್‌ನಲ್ಲಿ 6ಕ್ಕೆ 872 ಕಟ್ಟುಗಳು ಇಳಿದವು.

ಎರಡು ಗಂಟೆಗಳು

ಸುಧಾರಿತ ಕುದಿನೀರಿನ ರಿಯಾಕ್ಟರಿನಲ್ಲಿ 205 ನಿಯಂತ್ರಣ ಕಂಬಿಗಳು ಕೆಳಗಿನಿಂದ ಮೇಲಕ್ಕೆ ತೂರುತ್ತವೆ. ಒಳಗಿದ್ದರೆ ಸರಣಿ ಕ್ರಿಯೆ ಇಲ್ಲ, ಕೆಳಗೆಳೆದಂತೆ ಏರುತ್ತದೆ. ದಿನನಿತ್ಯದ ಸೂಕ್ಷ್ಮ ಚಲನೆಗೆ ವಿದ್ಯುತ್ ಮೋಟಾರು; ತುರ್ತಿನಲ್ಲಿ ನೀರಿನ ಒತ್ತಡ ಒಮ್ಮೆಲೇ ನೂಕುತ್ತದೆ. ಎರಡೂ ಬೇರೆ ವ್ಯವಸ್ಥೆಗಳು ಎಂಬುದು ಮುಂದಿನ ಮಾತಿಗೆ ಮುಖ್ಯ.

2026ರ ಜನವರಿ 20ರಂದು ಹೊರಡಿಸುವುದೆಂದು ನಿಶ್ಚಯವಾಗಿತ್ತು. ಮೂರು ದಿನ ಮುಂಚೆ ಪರೀಕ್ಷೆ. ಎಳೆಯಬಾರದ ಕಂಬಿಯನ್ನು ಎಳೆಯಲು ಹೋದರೆ ಎಚ್ಚರಿಕೆ ಮೊಳಗಿ ತಡೆಯಬೇಕು. ಮೊಳಗಲಿಲ್ಲ. ಹುಡುಕಿದಾಗ ಕಂಬಿಗಳ ಜೋಡಿಯನ್ನು ನಮೂದಿಸಿದ ಪಟ್ಟಿಯಲ್ಲೇ ತಪ್ಪುಗಳಿದ್ದವು, ಅದೂ ಸ್ಥಾವರ ಚಾಲನೆಗೆ ಬಂದ ಕಾಲದಿಂದ. ಅಷ್ಟು ವರ್ಷ ಓಡಿದಾಗಲೂ, ಅಷ್ಟು ತಪಾಸಣೆಗಳಲ್ಲೂ ಆ ನಿರ್ದಿಷ್ಟ ಜೋಡಿಗಳನ್ನು ಯಾರೂ ಮುಟ್ಟಿರಲಿಲ್ಲ. ತಿದ್ದಿ, ಮತ್ತೆ ಪರೀಕ್ಷಿಸಿ, ಒಂದು ದಿನ ತಡವಾಗಿ, 21ರ ಸಂಜೆ 7ರ ಸುಮಾರಿಗೆ ಕಂಬಿಗಳನ್ನು ಎಳೆಯತೊಡಗಿದರು.

ಮಧ್ಯರಾತ್ರಿ ದಾಟಿ ಅರ್ಧ ಗಂಟೆಯಾಗಿತ್ತು. ಒಂದು ಕಂಬಿಯ ಮೋಟಾರು ನಡೆಸುವ ಇನ್ವರ್ಟರಿನಿಂದ ಎಚ್ಚರಿಕೆ ಮೊಳಗಿತು. ಬಿಡಿಭಾಗ ಬದಲಿಸಿ ನೋಡಿದರು, ಹೋಗಲಿಲ್ಲ. ತುರ್ತು ನಿಲುಗಡೆಯ ವ್ಯವಸ್ಥೆಗೂ ಈ ಇನ್ವರ್ಟರಿಗೂ ಸಂಬಂಧವಿಲ್ಲ, ರಿಯಾಕ್ಟರ್ ಸ್ಥಿರವಾಗಿತ್ತು. ಆ ಒಂದು ಕಂಬಿಯನ್ನು ಒಳಗೇ ಬಿಟ್ಟು ಮುಂದುವರಿಯಬಹುದೆಂದು ವಾದಿಸಲು ಜಾಗವಿತ್ತು. ಹದಿನಾಲ್ಕು ವರ್ಷದ ಕಾಯುವಿಕೆ, ದೇಶದ ಕ್ಯಾಮೆರಾಗಳೆಲ್ಲ ಗೇಟಿನ ಹೊರಗೆ, ಒಂದು ಘಟಕ ಓಡಿದರೆ ವರ್ಷಕ್ಕೆ ಸುಮಾರು 10,000 ಕೋಟಿ ಯೆನ್ ಲಾಭ. ಆಡಳಿತ ಅಂದೇ ನಿರ್ಧರಿಸಿತು: ಎಲ್ಲ ಕಂಬಿಗಳನ್ನೂ ಒಳಗೆ ತಳ್ಳಿ ನಿಲ್ಲಿಸಿ. 23ರ ನಸುಕಿಗೆ ರಿಯಾಕ್ಟರ್ ನಿಂತಿತ್ತು.

ಇದೇ ಎರಡನೆಯ ತಿರುವು. ಹೊರಟು ಒಂದೂವರೆ ದಿನದೊಳಗೆ ನಿಂತದ್ದನ್ನು ಪತ್ರಿಕೆಗಳು ಮುಖಭಂಗವೆಂದವು. 2020ರ ಆ ಭಾನುವಾರದ ಪಕ್ಕದಲ್ಲಿಟ್ಟು ನೋಡಿದರೆ ಬೇರೆಯೇ ಕಾಣುತ್ತದೆ. ಅಂದು ಯಂತ್ರ ಬೇಡ ಅಂದಾಗ ಯಂತ್ರದ ಮಾಹಿತಿ ಬದಲಿಸಿದ್ದರು. ಈ ಸಲ ಯಂತ್ರ ಬೇಡ ಅಂದಾಗ ರಿಯಾಕ್ಟರನ್ನೇ ನಿಲ್ಲಿಸಿದರು.

ಕಾರಣ ಸಿಕ್ಕಿತು, ಅದೂ ಸ್ವಲ್ಪ ವ್ಯಂಗ್ಯವಾದದ್ದೇ. ಇನ್ವರ್ಟರು ಕೆಟ್ಟಿರಲಿಲ್ಲ. ವಿದ್ಯುತ್ ಪ್ರವಾಹದ ಸಹಜ ಏರಿಳಿತವನ್ನೂ ದೋಷವೆಂದು ಓದುವಂತೆ ಎಚ್ಚರಿಕೆಯ ಹೊಂದಿಕೆ (ಸೆಟ್ಟಿಂಗ್) ಇತ್ತು. ಅಂದರೆ ಸುಳ್ಳು ಗಂಟೆ. ಪರಿಹಾರ ಆ ಹೊಂದಿಕೆಯನ್ನು ಬದಲಿಸುವುದು. ಎಚ್ಚರಿಕೆಯ ಹೊಂದಿಕೆ ಬದಲಿಸುವುದಕ್ಕೂ ಎಚ್ಚರಿಕೆಯ ಬಾಯಿ ಮುಚ್ಚಿಸುವುದಕ್ಕೂ ನಡುವೆ ಎಷ್ಟು ದೂರ ಎಂದು ಸ್ಥಳೀಯರು ಕೇಳಿದರೆ ತಪ್ಪಲ್ಲ. ವ್ಯತ್ಯಾಸ ಇರುವುದು ಕ್ರಮದಲ್ಲಿ: ಮೊದಲು ನಿಲ್ಲಿಸಿ, ಕಾರಣ ಹುಡುಕಿ, ಬರೆದು, ಪ್ರಾಧಿಕಾರದ ಮುಂದಿಟ್ಟು, ಆಮೇಲೆ ಬದಲಿಸಿದರು. ಬಾಗಿಲಲ್ಲಿ ನಿಂತವನು ಅಲ್ಲೇ ಒತ್ತಿದ ಗುಂಡಿ ಅದಲ್ಲ.

ಫೆಬ್ರವರಿ 9ರ ಮಧ್ಯಾಹ್ನ ಕಂಬಿಗಳು ಮತ್ತೆ ಕೆಳಗಿಳಿಯತೊಡಗಿದವು. 6ನೇ ಘಟಕಕ್ಕೆ ಬೇಕಾದ ದಾಳಿನಿರೋಧಕ ಕಟ್ಟಡ ಮುಗಿಯುವುದು 2031ರ ಸೆಪ್ಟೆಂಬರ್‌ಗೆ ಎಂದು ಕಂಪನಿಯೇ ಹೇಳಿದೆ. ಗಡುವು 2029ರ ಸೆಪ್ಟೆಂಬರ್. ಆವರೆಗೆ ಬದಲಾವಣೆ ಏನೂ ಆಗದಿದ್ದರೆ ಆ ತಿಂಗಳು ಈ ರಿಯಾಕ್ಟರ್ ಮತ್ತೆ ನಿಲ್ಲುತ್ತದೆ.